ತಟ್ಟೆಗೆ ಬೆಲೆ, ಹಾಡು ಬಿಟ್ಟಿ

2017ರ ಮಾರ್ಚ್ ತಿಂಗಳಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ತಮ್ಮ ಗಾಯನದ ಐವತ್ತು ವರ್ಷಗಳ ನೆನಪಿಗಾಗಿ ಅಮೆರಿಕದಲ್ಲಿ ಸರಣಿ ಕಾರ್ಯಕ್ರಮ ನಡೆಸುತ್ತಿದ್ದಾಗ ಇಳಯರಾಜಾ ಅವರ ವಕೀಲರ ನೋಟಿಸು ಕೈಸೇರಿತು. ಅನುಮತಿಯಿಲ್ಲದೆ ತಮ್ಮ ಸಂಯೋಜನೆಗಳನ್ನು ವೇದಿಕೆಯ ಮೇಲೆ ಹಾಡಕೂಡದೆಂಬ ಆ ಎಚ್ಚರಿಕೆ ಗಾಯಕರಿಗಷ್ಟೇ ಅಲ್ಲ, ಸಂಘಟಕರಿಗೂ ಸಭಾಂಗಣದವರಿಗೂ ಹೋಗಿತ್ತು. ಇಂಥ ಕಾನೂನಿರುವುದು ತಮಗೆ ತಿಳಿದಿರಲಿಲ್ಲ, ಇದ್ದರೆ ಪಾಲಿಸುತ್ತೇನೆ ಎಂದು ಬಾಲಸುಬ್ರಹ್ಮಣ್ಯಂ ಶಾಂತವಾಗಿ ಹೇಳಿ, ಬೇರೆ ಸಂಗೀತ ನಿರ್ದೇಶಕರ ಹಾಡುಗಳೊಂದಿಗೆ ಪ್ರವಾಸ ಮುಂದುವರಿಸಿದರು. ಆ ಸಂಯಮ ಅಭಿಮಾನಿಗಳಲ್ಲಿ ಕಾಣಲಿಲ್ಲ. ಡಾಲರು ತೆತ್ತು ಟಿಕೆಟ್ ಕೊಂಡವರ ಬಾಯಲ್ಲಿ ಮೊದಲು ಬಂದ ಮಾತು 'ದುರಾಸೆ'.

ನೋಟಿಸಿನ ದನಿ ಒರಟಾಗಿತ್ತು, ಹಳೆಯ ಗೆಳೆಯನಿಗೆ ಒಂದು ಫೋನು ಮಾಡಬಹುದಿತ್ತು ಎಂದು ವಾದಿಸಲು ಯಾರ ಅಡ್ಡಿಯೂ ಇಲ್ಲ. ಆದರೆ ಪ್ರಶ್ನೆ ಸೌಜನ್ಯದ್ದಲ್ಲ. ಟಿಕೆಟಿನ ಹಣದಲ್ಲಿ ಸಭಾಂಗಣಕ್ಕೆ ಬಾಡಿಗೆ ಸಂದಿತು, ಧ್ವನಿವರ್ಧಕದವರಿಗೆ ಕೂಲಿ ಸಂದಿತು, ಊಟ ಒದಗಿಸಿದವರಿಗೂ ಸಂದಿತು. ಇಡೀ ಸಂಜೆ ಯಾವುದರ ಮೇಲೆ ನಿಂತಿತ್ತೋ ಆ ಹಾಡನ್ನು ಕಟ್ಟಿದವನು ತನ್ನ ಪಾಲು ಕೇಳಿದಾಗ ಮಾತ್ರ ಕೇಳಿದ್ದು ತಪ್ಪಾಯಿತು. ಕನಿಷ್ಠ ಕೂಲಿಯ ಬಗ್ಗೆ, ಗಿಗ್ ಕಾರ್ಮಿಕರ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲ ವಲಸಿಗ ಕನ್ನಡಿಗರೂ ಹೀಗೇ ಯೋಚಿಸಿದ್ದನ್ನು ಮರೆಯಲಾಗದು.

ಇದೇ ಅಭಿಮಾನಿಯ ಇನ್ನೊಂದು ಮುಖ ಅವನ ಬೈಠಕ್ಕಿನ ಕೋಣೆಯಲ್ಲಿದೆ. ಅಲ್ಲೊಂದು ಟರ್ನ್‌ಟೇಬಲ್, ಗಾಜಿನ ಕಪಾಟು, ಅದರೊಳಗೆ ಪ್ಲಾಸ್ಟಿಕ್ ತೊಡಿಸಿದ ಎಲ್‌ಪಿಗಳು, ಕೆಳಗಿನ ಅರೆಯಲ್ಲಿ ಹಳೆಯ 78ರ ತಟ್ಟೆಗಳು. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ಮಾರಾಟದ ಆದಾಯ ಸಿ.ಡಿ.ಯ ಆದಾಯವನ್ನು ಮೀರಿತು. 1986ರ ನಂತರ ಹಾಗಾದದ್ದು ಅದೇ ಮೊದಲು. 2022ರಲ್ಲಿ ಬಿಡಿ ಲೆಕ್ಕದಲ್ಲೂ ವಿನೈಲ್ ಮುಂದಾಯಿತು. ಈ ಅಲೆಯಲ್ಲಿ ಭಾರತದ ಹಳೆಯ ತಟ್ಟೆಗಳೂ ತೇಲಿಬಂದು ಹರಾಜಿಗೆ ನಿಂತಿವೆ. ಹಕ್ಕಿನ ಪಾಲು ಕೇಳಿದ ಸಂಯೋಜಕನನ್ನು ದುರಾಸೆಯವನೆಂದು ಕರೆದ ಕೈಯೇ ಇಲ್ಲಿ ಧಾರಾಳವಾಗುತ್ತದೆ. ಆ ಧಾರಾಳದಲ್ಲಿ ಒಂದು ಕಾಸೂ ಹಾಡಿದವರಿಗಾಗಲಿ ಬರೆದವರಿಗಾಗಲಿ ತಲುಪುವುದಿಲ್ಲ. ಒಮ್ಮೆ ಮಾರಾಟವಾದ ತಟ್ಟೆಯ ಮರುಮಾರಾಟದಲ್ಲಿ ಅವರಿಗೆ ಕಾನೂನಿನ ಪ್ರಕಾರ ಪಾಲಿಲ್ಲ. ಬ್ರಿಟನ್ನಿನಲ್ಲಿ 2006ರಿಂದ ಚಿತ್ರಕಾರರಿಗೆ ಆ ಪಾಲುಂಟು. ಕಲಾಕೃತಿ ಮತ್ತೆ ಹರಾಜಾದಾಗ ಬೆಲೆಯ ಒಂದಂಶ ಕಲಾವಿದನಿಗೋ ಅವನ ವಾರಸುದಾರರಿಗೋ ಸಲ್ಲಬೇಕು. ಚಿತ್ರ ಒಂದೇ ಒಂದು, ತಟ್ಟೆ ಸಾವಿರ ಪ್ರತಿ ಎಂಬ ಆಕ್ಷೇಪ ಸರಿಯೇ. ಆದರೆ ಸಂಗ್ರಾಹಕ ಬೆಲೆ ಕಟ್ಟುವುದು ಅದು 'ಒಂದೇ ಒಂದು' ಎಂಬಂತೆಯೇ ಅಲ್ಲವೇ?

ತಟ್ಟೆಯ ಮೈಯಲ್ಲೇ ಒಂದು ಚರಿತ್ರೆ ಇದೆ. 78ರ ತಟ್ಟೆಗೆ ಬೇಕಾದ ಅರಗು ಬಂದದ್ದು ಛೋಟಾ ನಾಗಪುರದ ಕಾಡುಗಳಿಂದ. ಮುತ್ತುಗ, ಬೋರೆ ಮರಗಳ ಕೊಂಬೆಗೆ ಅಂಟಿದ ಕೀಟದ ಅಂಟನ್ನು ಆದಿವಾಸಿಗಳು ಕೆರೆದು ತೆಗೆದರೆ, ಅದು ಹಡಗೇರಿ ಯುರೋಪಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡ ಮೇಣದ ಅಚ್ಚುಗಳು ತಟ್ಟೆಯಾದದ್ದು ಜರ್ಮನಿಯ ಹನೋವರಿನಲ್ಲಿ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದುದನ್ನು ಇಂದಿನ ರಸಿಕರು ಗತ್ತು ಎಂದು ಸವಿಯುತ್ತಾರೆ. ಅದರ ಕೆಲಸ ಬೇರೆಯಿತ್ತು: ಭಾಷೆ ತಿಳಿಯದ ಹನೋವರಿನ ಕೆಲಸಗಾರರಿಗೆ ಯಾವ ಅಚ್ಚಿಗೆ ಯಾರ ಲೇಬಲ್ಲು ಎಂದು ಗೊತ್ತಾಗಬೇಕಿತ್ತು. ಸುಮಾರು 600 ಧ್ವನಿಮುದ್ರಣಗಳ ಆ ಗಾಯಕಿ ವ್ಯಾಜ್ಯಗಳಲ್ಲಿ ಆಸ್ತಿ ಕಳೆದುಕೊಂಡು ಕೊನೆಗೆ ಮೈಸೂರು ಅರಮನೆಯ ಸಂಬಳಕ್ಕೆ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಸಂಗ್ರಾಹಕರ ಇನ್ನೊಂದು ಅಚ್ಚುಮೆಚ್ಚಿನ ವಸ್ತು ಭಾರತದಲ್ಲಿ ಒತ್ತಿದ ಬೀಟಲ್ಸ್ ತಂಡದ 78ರ ತಟ್ಟೆಗಳು. ಇಂಗ್ಲೆಂಡಿನಲ್ಲಿ ಆ ವೇಗದ ತಟ್ಟೆ ಸತ್ತ ಮೇಲೂ ಇಲ್ಲಿ ಅವು ಹೊರಬಂದದ್ದೇಕೆಂದರೆ, ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮೊಫೋನೇ ಇತ್ತು. ಬಡತನದ ಕುರುಹು ಈಗ ಲಂಡನ್ನಿನಲ್ಲಿ ಅಪರೂಪದ ಒಡವೆ.

ತಟ್ಟೆಯ ಆರಾಧನೆಯ ಜೊತೆಗೆ ತಪ್ಪದೆ ಬರುವುದು ಅಭಿರುಚಿಯ ಗೋಳು. ಆಗ ಹಾಡಿತ್ತು, ಈಗ ಗದ್ದಲ. ಈ ಗೋಳಿಗೆ ವಯಸ್ಸಾಗಿದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಪರದೇಶಿ ವಾದ್ಯವೆಂದು ಹೊರಗಿಟ್ಟಿತು. ಕನ್ನಡ ರಂಗಭೂಮಿಯ ಅರ್ಧ ಉಸಿರೇ ಆ ಪೆಟ್ಟಿಗೆಯಲ್ಲಿತ್ತು. ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ, 1952ರಲ್ಲಿ, ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆಂದು ಅದಕ್ಕೂ ಬಾಗಿಲು ಮುಚ್ಚಲಾಯಿತು, ಕೇಳುಗರು ರೇಡಿಯೊ ಸಿಲೋನಿಗೆ ಹೋದರು. ಆಗ ರುಚಿ ಕೆಡಿಸಿದ ಹಾಡುಗಳೇ ಇಂದು ಗಾಜಿನ ಕಪಾಟಿನಲ್ಲಿ ಅಭಿಜಾತವಾಗಿ ಕುಳಿತಿವೆ. ಅಷ್ಟೇಕೆ, 'ಆಗಿನ ಹಾಡಿನ' ಅಳತೆಯನ್ನು ನಿರ್ಧರಿಸಿದ್ದೂ ರಸವಲ್ಲ, ಮೂರು ಮೂರೂವರೆ ನಿಮಿಷಕ್ಕೆ ಮುಗಿಯುವ ತಟ್ಟೆಯ ಒಂದು ಮಗ್ಗುಲು.

ಹಾಡಿದವರಿಗೆ ಹಕ್ಕಿಲ್ಲದಂತಾದದ್ದು ಅಕಸ್ಮಾತ್ತಲ್ಲ. ದಾಖಲೆ ಸ್ಪಷ್ಟವಾಗಿದೆ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಧನ ಸಲ್ಲಬೇಕೆಂದರು. ಸಂಭಾವನೆ ಪಡೆದ ಮೇಲೆ ಗಾಯಕರ ಬಾಕಿ ಇಲ್ಲವೆಂದರು ಮೊಹಮ್ಮದ್ ರಫಿ. ಇಬ್ಬರೂ ಕೆಲವು ವರ್ಷ ಜೊತೆಗೆ ಹಾಡಲಿಲ್ಲ. ರಫಿಯವರ ಸಜ್ಜನಿಕೆಯನ್ನು ಕೊಂಡಾಡುವ ಕಥೆಯಾಗಿ ಇದನ್ನು ಹೇಳುವುದು ವಾಡಿಕೆ; ಆದರೆ ಆ ಸಜ್ಜನಿಕೆಯ ಲಾಭ ಯಾರ ಖಾತೆಗೆ ಹೋಯಿತೆಂದು ಕೇಳುವವರಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್, ಹಣ ಕೊಟ್ಟು ಹಾಡು ಬರೆಸಿದ, ಸಂಗೀತ ಮಾಡಿಸಿದ ನಿರ್ಮಾಪಕನೇ, ಬೇರೆ ಕರಾರಿಲ್ಲದಿದ್ದರೆ, ಅದರ ಮೊದಲ ಒಡೆಯನೆಂದಿತು. ಅದೇ ತೀರ್ಪಿಗೆ ಟಿಪ್ಪಣಿ ಸೇರಿಸಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕಾನೂನು ಹಾಡುವವರನ್ನು ಗುರುತಿಸದೇ ಇರುವುದರ ಬಗ್ಗೆ ಕಳವಳ ಬರೆದರು. ಗಾಯಕರಿಗೆ ಪ್ರದರ್ಶಕರ ಹಕ್ಕೆಂಬುದು ಹುಟ್ಟಿದ್ದು 1994ರಲ್ಲಿ. ಕವಿ, ಸಂಯೋಜಕರು ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟರೂ ಅದು ಕಳೆದುಹೋಗದೆಂಬ ರಕ್ಷಣೆ 2012ರ ತಿದ್ದುಪಡಿಯಲ್ಲಿ ಬಂತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದುಕೊಂಡು ಅದಕ್ಕಾಗಿ ದುಡಿದರು. ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್ ಇಬ್ಬರೂ ತೀರಿಕೊಂಡದ್ದು 1993ರಲ್ಲಿ.

ವೆಂಕಟೇಶ್ ಅವರ ಬಳಿ ಸಹಾಯಕನಾಗಿ ದುಡಿದು ಕೆಲಸ ಕಲಿತವರೇ ಇಳಯರಾಜಾ. ಗುರುವಿನ ತಲೆಮಾರಿಗೆ ಕೇಳಲು ಅವಕಾಶವೇ ಇರಲಿಲ್ಲ. ಶಿಷ್ಯ ಕೇಳಿದಾಗ ದುರಾಸೆಯಾಯಿತು. ಇಷ್ಟು ಹೇಳಿದ ಮೇಲೂ ಸಂಯೋಜಕನೊಬ್ಬನೇ ಹಾಡಿನ ಒಡೆಯನಲ್ಲ ಎಂಬುದನ್ನು ಒಪ್ಪಬೇಕು. ಪದ ಬರೆದವನಿದ್ದಾನೆ, ಪಿಟೀಲು ಹಿಡಿದು ಸ್ಟುಡಿಯೋದಲ್ಲಿ ಕುಳಿತು ದಿನಗೂಲಿ ಪಡೆದವನಿದ್ದಾನೆ. ತಟ್ಟೆಯ ಲೇಬಲ್ಲಿನಲ್ಲಿ ಅವನ ಹೆಸರೂ ಇಲ್ಲ.

ಕನ್ನಡ ಸಂಘಗಳ ವೇದಿಕೆಗೆ ಬಂದರೆ ಪದ ಬರೆದವನ ಸ್ಥಿತಿ ಇನ್ನೂ ಕಡೆ. ಸುಗಮ ಸಂಗೀತದ ಸಂಜೆಯ ಕರಪತ್ರದಲ್ಲಿ ಗಾಯಕರ ಭಾವಚಿತ್ರ, ಪ್ರಾಯೋಜಕ ರಿಯಲ್ ಎಸ್ಟೇಟ್ ಏಜೆಂಟರ ಭಾವಚಿತ್ರ, ಎರಡೂ ಇರುತ್ತವೆ. ಕವಿಯ ಹೆಸರು ನಿರೂಪಕರಿಗೆ ನೆನಪಾದರೆ ಉಂಟು. ಭಾರತದ ಕಾನೂನಿನಲ್ಲಿ ಕವಿತೆಯ ಹಕ್ಕು ಕವಿ ತೀರಿದ ಮೇಲೆ 60 ವರ್ಷ ಉಳಿಯುತ್ತದೆ. ಕುವೆಂಪು 1994ರಲ್ಲಿ, ಕೆ.ಎಸ್. ನರಸಿಂಹಸ್ವಾಮಿ 2003ರಲ್ಲಿ ತೀರಿಕೊಂಡವರು. ಲೆಕ್ಕ ಕಷ್ಟದ್ದಲ್ಲ. ಟಿಕೆಟಿಟ್ಟು ಅವರ ಪದ ಹಾಡಿಸುವವರು ವಾರಸುದಾರರಿಗೆ ಒಂದು ಪತ್ರವಾದರೂ ಬರೆಯಲಿ.

ಹಕ್ಕನ್ನು ಗೌರವಿಸುವುದೆಂದರೆ ಅದು ಮುಗಿದಾಗ ಮುಗಿಯಿತೆಂದು ಒಪ್ಪುವುದೂ ಹೌದು. ಸಂಗ್ರಾಹಕರು ತಪ್ಪಿಸಿಕೊಳ್ಳುವುದು ಇಲ್ಲಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1965ರ ತಟ್ಟೆಗಳ ಅವಧಿಯ ಕೊನೆಯ ದಿನ 2025ರ ಡಿಸೆಂಬರ್ 31. ಬ್ರಿಟನ್ನಿನಲ್ಲಿ 1963ಕ್ಕೆ ಹಿಂದಿನವು ಬಿಡುಗಡೆಯಾಗಿವೆ. ಅಮೆರಿಕದ ಕಾನೂನು ಜಿಗುಟು, ಆದರೂ 1923ಕ್ಕೆ ಹಿಂದಿನ ಮುದ್ರಣಗಳು 2022ರ ಜನವರಿ 1ರಂದು ಸಾರ್ವಜನಿಕವಾದವು. ಮುದ್ರಣ ಮುಕ್ತವಾದರೂ ಅದರೊಳಗಿನ ಪದದ, ರಾಗಸಂಯೋಜನೆಯ ಹಕ್ಕು ಉಳಿದಿರಬಹುದು ಎಂಬ ತೊಡಕಿದೆ. ವಚನಕ್ಕೆ, ದಾಸರ ಪದಕ್ಕೆ, ತ್ರಿಪದಿಗೆ ಪದದ ಒಡೆಯರೇ ಇಲ್ಲ. ಆ ಹಳೆಯ ತಟ್ಟೆಗಳನ್ನು ಅಂಕೀಕರಿಸಿ ಎಲ್ಲರಿಗೂ ತೆರೆದಿಡಲು ತಡೆ ಕಾನೂನಿನದಕ್ಕಿಂತ ಹೆಚ್ಚಾಗಿ ಕಪಾಟಿನದು. ಎಲ್ಲರ ಕಿವಿಗೂ ಬಿದ್ದರೆ ತಟ್ಟೆಯ ಬೆಲೆ ಇಳಿದೀತು ಎಂಬ ಅಂಜಿಕೆಗೆ 'ಪರಂಪರೆಯ ಉಳಿವು' ಎಂಬ ಹೆಸರಿಟ್ಟು ಕೀಲಿ ಹಾಕಲಾಗಿದೆ.

ಆ ಕೀಲಿಕೈ ಮುಂದೆ ಸೇರುವುದು ಕನ್ನಡ ಓದಲು ಬಾರದ ಮಕ್ಕಳ ಕೈಗೆ. ಮನೆ ಮಾರುವ ವಾರ ಅವರು ಲೇಬಲ್ಲು ನೋಡಿ, ಏನೆಂದು ತಿಳಿಯದೆ, ಅಂಗಡಿಯವನಿಗೆ ಪೆಟ್ಟಿಗೆಯ ಲೆಕ್ಕದಲ್ಲಿ ಕೊಡುತ್ತಾರೆ. ಅರಗಿನ ತಟ್ಟೆ ಆ ಸಾಗಾಟದಲ್ಲೇ ಒಡೆಯುತ್ತದೆ. 78ರ ಅಗಲವಾದ ಗೀರಿಗೆ ಬೇರೆ ಸೂಜಿ ಬೇಕು, ಕಂಪ್ಯೂಟರಿಗೆ ಜೋಡಿಸಲು ಒಂದು ತಂತಿ ಬೇಕು. ಎರಡೂ ಆ ಕೋಣೆಯಲ್ಲಿ, ಟರ್ನ್‌ಟೇಬಲ್ಲಿನ ಪಕ್ಕದಲ್ಲೇ ಇವೆ.