ಬರೆದವನ ಒಲವೂ ಪಾಠವೇ

ಮಾನ್ಯ ಹೆತ್ತವರೇ,

ಬರೆದವನ ಒಲವು ಗುರುತಿಸುವುದನ್ನು ಮಕ್ಕಳಿಗೆ ಕಲಿಸಿದರೆ, "ಇದು ಪರೀಕ್ಷೆಗೆ ಬರುತ್ತದೆಯೇ ಮಾಷ್ಟ್ರೇ?" ಎನ್ನುತ್ತೀರಿ. ಪರೀಕ್ಷೆಗೆ ಬಾರದಿರಬಹುದು, ಗಡಿನಾಡಿನ ಬದುಕಿಗೆ ಬೇಕೇ ಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇದು ಸಂಗತಿ. ಒಬ್ಬ ಲೇಖಕ ಅದನ್ನು 'ಐಕ್ಯ ಕೇರಳದ ಉದಯ' ಎನ್ನುತ್ತಾನೆ. ಇನ್ನೊಬ್ಬ 'ಕನ್ನಡ ನೆಲ ಕೈತಪ್ಪಿದ ದಿನ' ಎನ್ನುತ್ತಾನೆ. ಪದದಲ್ಲೇ ಪಕ್ಷ ಕಾಣುತ್ತದೆ.

ಹೇಳದೆ ಬಿಟ್ಟ ಮಾತಿನಲ್ಲೂ ಪಕ್ಷವಿರುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕನ್ನಡ ರಾಜ್ಯಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯನ್ನು ನಾವು ಎದೆತಟ್ಟಿ ಹೇಳುತ್ತೇವೆ. ಬೆಳಗಾವಿ ಜಿಲ್ಲೆಯ ಹಲವು ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಅದೇ ವರದಿ ಹೇಳಿತ್ತು. ಅದನ್ನು ಎಷ್ಟು ಸಲ ಹೇಳಿದ್ದೇವೆ?

ಮಕ್ಕಳು ನಮ್ಮನ್ನೇ ಪ್ರಶ್ನಿಸಿಯಾರೆಂಬ ಅಂಜಿಕೆಯೇ? ಪ್ರಶ್ನಿಸಲಿ! ನಮ್ಮ ಬೇಡಿಕೆ ನ್ಯಾಯವಾದುದು. ಅದಕ್ಕೆ ಅರ್ಧಸತ್ಯದ ಊರುಗೋಲು ಬೇಡ. ನಮ್ಮ ಬರಹವನ್ನು ಒರೆಗೆ ಹಚ್ಚಲು ಕಲಿಯದ ಮಗು, ಕನ್ನಡ ಶಾಲೆ ಬೇಡವೆನ್ನುವವರ ಬರಹವನ್ನೂ ನಾಳೆ ಕಣ್ಣುಮುಚ್ಚಿ ನಂಬೀತು.

ನಮ್ಮ ಮಕ್ಕಳಿಗೆ ಎರಡು ಭಾಷೆ ಬರುತ್ತದೆ. ಒಂದೇ ಸುದ್ದಿಯನ್ನು ಕನ್ನಡ, ಮಲಯಾಳ ಎರಡೂ ಪತ್ರಿಕೆಗಳಲ್ಲಿ ಓದಿಸಿ. ಬರೆದವರು ಯಾರು, ಆರಿಸಿದ ಪದ ಯಾವುದು, ಬಿಟ್ಟದ್ದೇನು ಎಂದು ಕೇಳಿ. ಉತ್ತರ ಹೇಳುವ ಅವಸರ ಮಾತ್ರ ನಿಮಗೆ ಬೇಡ.