ರಂಜಾನಿನ ಆಹಾರವೂ ಪೌರಧರ್ಮವೂ

ಆಹಾರವು ಮನುಷ್ಯರನ್ನು ಕೂಡಿಸತಕ್ಕ ವಸ್ತುವೂ ಹೌದು, ಅಗಲಿಸತಕ್ಕ ವಸ್ತುವೂ ಹೌದು. ಈ ಎರಡನೆಯ ಗುಣವನ್ನು ನಮ್ಮ ನಾಡು 2022ನೆಯ ಇಸವಿಯಲ್ಲಿ ಪ್ರತ್ಯಕ್ಷವಾಗಿ ಕಂಡಿತು. ಆ ವರ್ಷ ಏಪ್ರಿಲ್ 2ರಂದು ಯುಗಾದಿ. ಮರುದಿನ ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಮಾಂಸದಡಿಗೆಯ ಹೊಸತೊಡಕು. ಅದೇ ದಿನವೇ ಮುಸಲ್ಮಾನ ಬಾಂಧವರ ರಂಜಾನ್ ಉಪವಾಸದ ಪ್ರಥಮ ದಿವಸ. ಎರಡು ಸಮಾಜಗಳ ಆಚರಣೆಗಳು ಹೀಗೆ ಒಂದೇ ಬೆಳಗಿನಲ್ಲಿ ಕೂಡಿಬಂದಾಗ ನೆರೆಹೊರೆಯವರು ಪರಸ್ಪರ ಶುಭವನ್ನು ಕೋರುವುದು ಸಹಜವಾಗಿತ್ತು. ಅದಕ್ಕೆ ಬದಲಾಗಿ ಹಲಾಲ್ ಮಾಂಸವನ್ನು ಕೊಳ್ಳಬಾರದೆಂಬ ಕರೆಯೂ ಅದಕ್ಕೆ ಪ್ರತಿಯಾದ ಕಟುಮಾತುಗಳೂ ಕೇಳಿಬಂದವು. ಆ ಗದ್ದಲವು ಅಡಗಿತಾದರೂ ಹಲಾಲ್ ಎಂಬ ಶಬ್ದಕ್ಕೆ ಅಂದು ಅಂಟಿದ ಕಲಹದ ಕಲೆಯು ಇನ್ನೂ ಪೂರ್ತಿಯಾಗಿ ತೊಳೆದುಹೋಗಿಲ್ಲ. ಆದಕಾರಣ ಈ ಶಬ್ದದ ಅರ್ಥವೇನು, ರಂಜಾನ್ ಮಾಸದ ಆಹಾರದ ವಿಷಯದಲ್ಲಿ ಪೌರರೂ ಅಧಿಕಾರಿಗಳೂ ನಿಜವಾಗಿ ಚಿಂತಿಸತಕ್ಕ ಸಂಗತಿ ಯಾವುದು ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಹಲಾಲ್ ಎಂದರೆ ಧರ್ಮವು ಅನುಮತಿಸಿದುದು. ಹರಾಮ್ ಎಂದರೆ ನಿಷೇಧಿಸಿದುದು. ಪ್ರಾಣಿಯನ್ನು ಹರಿತವಾದ ಕತ್ತಿಯಿಂದ, ದೇವರ ಹೆಸರನ್ನು ಹೇಳಿ ಕೊಯ್ದು, ರಕ್ತವನ್ನು ಹರಿದುಹೋಗಗೊಡಬೇಕೆಂಬುದು ಈ ವಿಧಿಯ ಒಂದು ಭಾಗ. ತಾನಾಗಿ ಸತ್ತ ಪ್ರಾಣಿ, ರಕ್ತ, ಹಂದಿಯ ಮಾಂಸ, ಮದ್ಯ ಇವು ನಿಷಿದ್ಧ. ಆದರೆ ವಿಧಿಯು ಇಷ್ಟಕ್ಕೇ ಮುಗಿಯುವುದಿಲ್ಲ. ಮೋಸದಿಂದ ಗಳಿಸಿದ ಹಣದಲ್ಲಿ ಕೊಂಡ ಹಾಲೂ ಜೇನೂ ಕೂಡ ಧರ್ಮಿಷ್ಠನಾದ ಮುಸಲ್ಮಾನನ ಪಾಲಿಗೆ ಸಲ್ಲದ ವಸ್ತುಗಳೇ. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಕುರಾನಿನ ಎರಡನೆಯ ಅಧ್ಯಾಯದ 168ನೆಯ ವಚನದಲ್ಲಿ ಹಲಾಲ್ ಎಂಬ ಶಬ್ದವು ಒಂಟಿಯಾಗಿ ಬಂದಿಲ್ಲ. ತಯ್ಯಿಬ್ ಎಂಬ ಇನ್ನೊಂದು ಶಬ್ದವು ಅದರ ಜೊತೆಯಲ್ಲಿದೆ. ತಯ್ಯಿಬ್ ಎಂದರೆ ಶುದ್ಧವಾದುದು, ಹಿತವಾದುದು, ಒಳ್ಳೆಯದು. ಆ ವಚನವು ಸಂಬೋಧಿಸುವುದಾದರೂ ಮುಸಲ್ಮಾನರನ್ನು ಮಾತ್ರವಲ್ಲ, ಸಮಸ್ತ ಮಾನವರನ್ನು. ನಾವಾದರೋ ಮೊದಲನೆಯ ಶಬ್ದದ ಮೇಲೆ ಕಾದಾಡಿದೆವು. ಎಲ್ಲರಿಗೂ ಸಮಾನವಾಗಿ ಸಂಬಂಧಿಸಿದ ಎರಡನೆಯ ಶಬ್ದವನ್ನು ಮರೆತೆವು.

ಈ ಮರೆವು ಎಷ್ಟು ಹಾನಿಕರವೆಂಬುದು ರಂಜಾನ್ ಮಾಸದ ಸಂಜೆಗಳನ್ನು ಕಂಡವರಿಗೆ ತಿಳಿಯದೆ ಇರದು. ಬೆಳಗಿನ ಜಾವದ ಸಹರಿಯಿಂದ ಸೂರ್ಯಾಸ್ತದವರೆಗೆ ನೀರನ್ನು ಕೂಡ ಮುಟ್ಟದವರು ಖರ್ಜೂರದಿಂದಲೂ ನೀರಿನಿಂದಲೂ ಉಪವಾಸವನ್ನು ಮುರಿಯುತ್ತಾರೆ. ಅನಂತರ ಗಂಜಿ, ಸಮೋಸ, ಹಣ್ಣಿನ ಹೋಳು, ಕಬಾಬು, ಹಲೀಮ್, ಫಿರ್ನಿ. ಬೆಂಗಳೂರಿನ ಶಿವಾಜಿನಗರದಲ್ಲಿಯೂ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿಯೂ ಸಂಜೆಯಾಗುತ್ತಲೆ ಇವುಗಳನ್ನು ಅರಸಿ ಬರುವವರಲ್ಲಿ ಉಪವಾಸವಿದ್ದವರೂ ಉಂಟು, ಇಲ್ಲದವರೂ ಉಂಟು. ಎಲ್ಲ ಮತದವರೂ ಉಂಟು. ಹಬ್ಬದ ದಿನದ ಬೆಳಿಗ್ಗೆಯಂತೂ ಹಾಲು, ಖರ್ಜೂರ, ಶಾವಿಗೆ, ತುಪ್ಪ, ಒಣಹಣ್ಣುಗಳಿಂದಾದ ಶೀರ್ ಖುರ್ಮಾ ಪಾತ್ರೆಯಲ್ಲಿ ತುಂಬಿ ನೆರೆಮನೆಗಳಿಗೆ ಹೋಗುತ್ತದೆ. ಅದನ್ನೇ ಸುರಕುಂಬಾ ಎಂದು ಕರೆದು ಸವಿಯುವ ಉತ್ತರ ಕರ್ನಾಟಕದ ಹಿಂದೂ ಮನೆಗಳು ಅಸಂಖ್ಯಾತ. ಈ ಹಬ್ಬದ ಸಿಹಿಯಲ್ಲಿ ಕತ್ತಿಯ ಮಾತೇ ಇಲ್ಲ. ಇರುವುದು ಹಾಲಿನ ಮಾತು, ತುಪ್ಪದ ಮಾತು, ಎಂದರೆ ಶುದ್ಧಿಯ ಮಾತು.

ಆ ಶುದ್ಧಿಯ ಸ್ಥಿತಿಯೇನು? 2024ನೆಯ ಇಸವಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ನಡೆಸಿದ ಪರೀಕ್ಷೆಗಳನ್ನು ವಾಚಕರು ನೆನೆಯಬೇಕು. ಕಬಾಬಿನ 39 ಮಾದರಿಗಳಲ್ಲಿ 8 ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ಕಂಡುಬಂದವು. ಜೂನ್ ತಿಂಗಳಲ್ಲಿ ಸರ್ಕಾರವು ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೂರು ತಿಂಗಳ ಹಿಂದೆ, ಆ ವರ್ಷದ ರಂಜಾನಿನ ಮೊದಲ ಉಪವಾಸದ ಹಿಂದಿನ ದಿನ, ಅದೇ ಸರ್ಕಾರವು ಗೋಬಿ ಮಂಚೂರಿಯ ಬಣ್ಣದ ಮೇಲೆಯೂ ನಿಷೇಧವನ್ನು ಹೇರಬೇಕಾಗಿ ಬಂದಿತ್ತು. ಅಲ್ಲಿ 171 ಮಾದರಿಗಳಲ್ಲಿ 107 ಕೆಟ್ಟುವಾಗಿದ್ದವು. ಬಟ್ಟೆಗೆ ಹಾಕತಕ್ಕ ರೋಡಮಿನ್-ಬಿ ಎಂಬ ಬಣ್ಣವೂ ಜನರ ಹೊಟ್ಟೆಯನ್ನು ಸೇರುತ್ತಿತ್ತು. ಒಂದು ಮಾಂಸದ ತಿನಿಸು, ಇನ್ನೊಂದು ಹೂಕೋಸಿನದು. ಕಲಬೆರಕೆಗೆ ಜಾತಿಯೂ ಇಲ್ಲ, ಮತವೂ ಇಲ್ಲ. ಮಾಂಸವನ್ನು ಕೊಯ್ದವನು ಯಾರೆಂದು ವಿಚಾರಿಸಿದ ನಾವು, ಅದಕ್ಕೆ ಬಳಿದ ಕೆಂಪು ಯಾವುದೆಂದು ವಿಚಾರಿಸಲಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಅಭ್ಯಾಸದ ವಿಷಯವೂ ಹೀಗೆಯೇ. ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮವು 2018ನೆಯ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ನಿಯಮವು ಕಾಗದದಲ್ಲಿದ್ದರೆ ಸಾಲದು; ಬಾಣಲೆಯ ಬಳಿಗೆ ಬರಬೇಕು. ದಿನವಿಡೀ ಬರಿಹೊಟ್ಟೆಯಲ್ಲಿದ್ದವನು ಸಂಜೆ ಮೊದಲು ತಿನ್ನುವ ತುತ್ತು ಕೆಟ್ಟ ಎಣ್ಣೆಯಲ್ಲಿ ಬೆಂದಿದ್ದರೆ, ಅದು ಹಲಾಲ್ ಎಂಬ ಮಾತಿನಿಂದ ಅವನ ಆರೋಗ್ಯಕ್ಕೆ ಏನು ರಕ್ಷಣೆ?

ವ್ಯಾಪಾರಿಗಳು ಮನಸ್ಸು ಮಾಡಿದರೆ ಈ ಶುದ್ಧಿಯನ್ನು ತಾವೇ ಕಾಪಾಡಬಲ್ಲರೆಂಬುದಕ್ಕೆ ನೆರೆಯ ಹೈದರಾಬಾದಿನ ಹಲೀಮ್ ಒಳ್ಳೆಯ ನಿದರ್ಶನ. ಅರಬ್ಬರ ಹರೀಸ್ ಎಂಬ ಗೋಧಿ-ಮಾಂಸದ ಅಡಿಗೆಯು ನಿಜಾಮರ ಕಾಲದಲ್ಲಿ ಅಲ್ಲಿಗೆ ಬಂದು, ದಖ್ಖನದ ಮಸಾಲೆಗಳನ್ನು ಹೊಂದಿ ಹಲೀಮ್ ಆಯಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ನಮ್ಮ ದೇಶದ ಮಾಂಸದ ಖಾದ್ಯವೊಂದಕ್ಕೆ ಈ ಗೌರವ ಸಂದದ್ದು ಅದೇ ಮೊದಲು. ಮಾಂಸಕ್ಕೂ ಗೋಧಿಗೂ 10ಕ್ಕೆ 4ರ ಪ್ರಮಾಣವಿರಬೇಕು, ತುಪ್ಪವು ಪರೀಕ್ಷೆಯಲ್ಲಿ ಶುದ್ಧವೆಂದು ಸಿದ್ಧವಾಗಿರಬೇಕು, ಸೌದೆಯ ಉರಿಯ ಮೇಲೆ 12 ಗಂಟೆಗಳ ಕಾಲ ಬೇಯಬೇಕು ಎಂಬ ಕಟ್ಟಳೆಗಳನ್ನು ತಯಾರಕರೇ ಒಪ್ಪಿಕೊಂಡರು. ಆ ಹೆಸರಿನಿಂದ ಬಂದ ಕೀರ್ತಿಯೂ ಲಾಭವೂ ಆ ಕಟ್ಟಳೆಗಳ ಫಲವೇ. ನಮ್ಮ ರಂಜಾನ್ ಬೀದಿಯ ವ್ಯಾಪಾರಿಗಳೂ ಇಂತಹ ಒಂದು ಒಡಂಬಡಿಕೆಯನ್ನು ತಾವೇ ಮಾಡಿಕೊಂಡರೆ ಯಾವ ವಿರೋಧವೂ ಅವರನ್ನು ಬಾಧಿಸಲಾರದು.

ಇಲ್ಲಿ ಎರಡು ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಹಲಾಲ್ ವಿಧಿಯ ಮಾಂಸವನ್ನು ಇತರರ ಮೇಲೆ ಹೇರಬಾರದೆಂಬುದು ಒಂದು. ಇದು ನ್ಯಾಯವಾದ ಮಾತೇ. ಸಿಖ್ಖರ ಆಚಾರಸಂಹಿತೆಯು ಆ ವಿಧಿಯ ಮಾಂಸವನ್ನು ಅವರಿಗೆ ನಿಷೇಧಿಸಿದೆ; ಅದನ್ನು ತ್ಯಜಿಸಿದ ಸಿಖ್ಖನು ಯಾರನ್ನೂ ಅವಮಾನಿಸಿದಂತಾಗುವುದಿಲ್ಲ. ತನಗೆ ಒಪ್ಪಿದುದನ್ನು ಉಣ್ಣುವುದೂ ಒಪ್ಪದುದನ್ನು ಬಿಡುವುದೂ ಪ್ರತಿಯೊಬ್ಬ ಪೌರನ ಸ್ವಾತಂತ್ರ್ಯ. ಮಾರುವವನು ಕೇಳಿದವರಿಗೆ ಸತ್ಯವನ್ನು ಹೇಳತಕ್ಕದ್ದು. ಆದರೆ ತಾನು ಬಿಡುವುದು ಬೇರೆ, ನೆರೆಯವನ ಅಂಗಡಿಗೆ ಯಾರೂ ಹೋಗಕೂಡದೆಂದು ಕಾವಲು ನಿಲ್ಲುವುದು ಬೇರೆ. ಮೊದಲನೆಯದು ಆತ್ಮಸಾಕ್ಷಿ, ಎರಡನೆಯದು ಬಡವನ ಅನ್ನದ ಮೇಲಿನ ಪ್ರಹಾರ. ಇಷ್ಟೇ ಅಲ್ಲ: ಶಾಸ್ತ್ರವಿಧಿಯನ್ನು ಆಯಾ ಮತದವರು ನೋಡಿಕೊಳ್ಳಬಲ್ಲರು, ಶುದ್ಧಿಯನ್ನು ನೋಡಿಕೊಳ್ಳತಕ್ಕ ಹೊಣೆಯಾದರೋ ಸರ್ಕಾರದ್ದು, ಅದು ಎಲ್ಲರ ಅಂಗಡಿಗಳಿಗೂ ಒಂದೇ ಆಗಿರತಕ್ಕದ್ದು.

ಎರಡನೆಯ ಆಕ್ಷೇಪಣೆಯು ನೆರೆಯ ನಿವಾಸಿಗಳದು. ರಾತ್ರಿಯಿಡೀ ಜನಜಂಗುಳಿ, ದಾರಿ ಕಟ್ಟಿದ ವಾಹನಗಳು, ಹೊಗೆ, ಬೆಳಗಾದರೆ ಬಾಗಿಲೆದುರಿಗೆ ಎಂಜಲು ತಟ್ಟೆಗಳ ರಾಶಿ. ಈ ದೂರನ್ನು ಮತದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ; ಆ ಬೀದಿಗಳಲ್ಲಿ ವಾಸವಾಗಿರುವ ಮುಸಲ್ಮಾನ ಗೃಹಸ್ಥರಿಗೂ ಈ ಕಷ್ಟವುಂಟು. ಆದರೆ ಇದಕ್ಕೆ ಪರಿಹಾರವು ಅಂಗಡಿಗಳನ್ನು ಏಕಾಏಕಿ ಎತ್ತಿಸುವುದಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಿ ಅವರ ವ್ಯಾಪಾರವನ್ನು ಕ್ರಮಪಡಿಸುವುದಕ್ಕಾಗಿಯೇ 2014ರಲ್ಲಿ ಶಾಸನವಾಗಿದೆ. ಅನೇಕರಿಗೆ ಈ ಒಂದು ತಿಂಗಳ ಸಂಪಾದನೆಯೇ ವರ್ಷದ ಸಾಲಕ್ಕೂ ಮಕ್ಕಳ ಬಟ್ಟೆಗೂ ಆಧಾರ.

ರಂಜಾನ್ ಹಠಾತ್ತಾಗಿ ಬರುವ ಅತಿಥಿಯಲ್ಲ. ಚಾಂದ್ರಮಾನದ ಈ ಮಾಸವು ವರ್ಷಕ್ಕೆ ಸುಮಾರು 11 ದಿನಗಳಂತೆ ಮುಂಚಿತವಾಗುತ್ತ ಬರುವುದೆಂಬುದನ್ನು ಪಂಚಾಂಗ ಬಲ್ಲ ಯಾವ ಗುಮಾಸ್ತನೂ ಲೆಕ್ಕ ಹಾಕಬಹುದು. ಹೀಗಿರುವಲ್ಲಿ ನಗರಪಾಲಿಕೆಗಳು ಒಂದು ತಿಂಗಳ ಮೊದಲೇ ವ್ಯಾಪಾರಿಗಳನ್ನೂ ನಿವಾಸಿಗಳನ್ನೂ ಮಸೀದಿಗಳ ಹಿರಿಯರನ್ನೂ ಕೂಡಿಸಿ, ಅಂಗಡಿಗಳ ಜಾಗ, ಮುಚ್ಚುವ ವೇಳೆ, ವಾಹನಗಳ ನಿಲುಗಡೆ ಇವನ್ನು ನಿಷ್ಕರ್ಷಿಸಬಾರದೇಕೆ? ಕುಡಿಯುವ ನೀರಿನ ನಲ್ಲಿ, ಕಸದ ಗಾಡಿ, ರಾತ್ರಿಯ ಗುಡಿಸುವವರಿಗೆ ತಕ್ಕ ಕೂಲಿ ಇವುಗಳನ್ನು ಏರ್ಪಡಿಸಿ, ಅದಕ್ಕಾಗಿ ಅಂಗಡಿಯವರಿಂದ ಮಿತವಾದ ಶುಲ್ಕವನ್ನು ರಶೀದಿ ಕೊಟ್ಟು ಪಡೆಯಬಾರದೇಕೆ? ಆಹಾರ ಪರೀಕ್ಷಕರು ದಂಡದ ಪುಸ್ತಕದೊಡನೆ ಕಡೆಯ ವಾರದಲ್ಲಿ ಬರುವುದಕ್ಕಿಂತ, ಮೊದಲನೆಯ ದಿನವೇ ಎಣ್ಣೆಯನ್ನೂ ಬಣ್ಣವನ್ನೂ ಪರೀಕ್ಷಿಸಿ, ತಿಳಿಯದವನಿಗೆ ತಿಳಿಸಿ, ತಿಳಿದೂ ತಪ್ಪಿದವನನ್ನು ಶಿಕ್ಷಿಸಿದರೆ ಕಾನೂನಿನ ಮೇಲೆ ಜನರಿಗೆ ಗೌರವವು ಹುಟ್ಟೀತು. ಗಣೇಶನ ಹಬ್ಬಕ್ಕೂ ಕಡಲೆಕಾಯಿ ಪರಿಷೆಗೂ ಬೇಕಾಗುವುದು ಇದೇ ವ್ಯವಸ್ಥೆ.

ಕಡೆಗೆ ಮುಸಲ್ಮಾನ ಬಾಂಧವರಲ್ಲಿ ಒಂದು ಮಾತು. ಹಬ್ಬದ ನಮಾಜಿಗೆ ಮೊದಲು ಮನೆಯಲ್ಲಿರುವ ಪ್ರತಿಯೊಬ್ಬರ ಪರವಾಗಿ, ಹುಟ್ಟಿದ ಕೂಸಿನ ಪರವಾಗಿಯೂ, ಧಾನ್ಯವನ್ನಾಗಲಿ ಅದರ ಬೆಲೆಯನ್ನಾಗಲಿ ಬಡವರಿಗೆ ಕೊಡತಕ್ಕದ್ದೆಂದು ಅವರ ಧರ್ಮವು ವಿಧಿಸಿದೆ. ಫಿತ್ರಾ ಎಂಬ ಈ ದಾನದ ಉದ್ದೇಶವು ಹಬ್ಬದ ದಿನ ಯಾರೂ ಹಸಿದು ಕೈಚಾಚಬಾರದೆಂಬುದು. ಧಾನ್ಯವನ್ನು ಕೊಡುವಾಗ ಹುಳು ಹಿಡಿದುದನ್ನು ಕೊಡದಿರುವ ಎಚ್ಚರವೇ, ತಿನಿಸನ್ನು ಮಾರುವಾಗ ವಿಷದ ಬಣ್ಣವನ್ನು ಬೆರೆಸದಿರುವ ಎಚ್ಚರವೂ ಆಗಬೇಕು. ಇತರ ಪೌರರಲ್ಲಿಯೂ ಒಂದು ವಿಜ್ಞಾಪನೆ. ನೆರೆಮನೆಯಿಂದ ಬಂದ ಸುರಕುಂಬಾದ ಪಾತ್ರೆಯನ್ನು ನಮ್ಮ ಹಿರಿಯರು ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಯುಗಾದಿಯ ಹೋಳಿಗೆಯೋ ಸಂಕ್ರಾಂತಿಯ ಎಳ್ಳೋ ಅದರಲ್ಲಿ ಮರಳಿ ಹೋಗುತ್ತಿತ್ತು. ಆ ಪಾತ್ರೆಯು ಮುಂದೆಯೂ ಎರಡು ಮನೆಗಳ ನಡುವೆ ಓಡಾಡುತ್ತಿರಲಿ. ಅದರೊಳಗಣ ಪದಾರ್ಥವು ಶುದ್ಧವಾಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಅಧಿಕಾರಿವರ್ಗವು ಮುಂದಿನ ರಂಜಾನಿಗೆ ಮುಂಚಿತವಾಗಿಯೇ ವಹಿಸಿಕೊಳ್ಳುವುದೆಂದು ಹಾರೈಸುತ್ತೇವೆ.