ಎಕ್ಸ್‌ಟೀರಿಯರ್ ಅಂದ್ರೆ ಯಾರು?



ಮೊನ್ನೆ ಕಚೇರಿಯಲ್ಲಿ ಟೀ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಕೇಳಿದ್ರು: "ಎಸ್‌ಸಿ ಅಂತ ನೀಟಾದ ಪದ ಇದೆಯಲ್ಲ ಸಾರ್, ದಲಿತ ಅಂತ ಯಾಕೆ ಹೇಳ್ಕೋತೀರಿ? ಕೇಳೋಕೆ ಒಂಥರಾ ಅನ್ಸುತ್ತೆ." ಉತ್ತರಕ್ಕೆ ಒಂದು ಹಳೇ ಇಂಗ್ಲಿಷ್ ಪದದ ಕತೆ ಹೇಳಬೇಕಾಯ್ತು.

ಎಕ್ಸ್‌ಟೀರಿಯರ್ ಅನ್ನೋ ಪದ ಇವತ್ತು ನಮಗೆ ಸಿಗೋದು ಪೇಂಟ್ ಡಬ್ಬದ ಮೇಲೆ. 1931ರ ಜನಗಣತಿಯಲ್ಲಿ ಅದು ನಮ್ಮ ಹೆಸರಾಗಿತ್ತು. ಅದಕ್ಕೂ ಮುಂಚೆ ಸರ್ಕಾರ ನಮ್ಮನ್ನ ಡಿಪ್ರೆಸ್ಡ್ ಕ್ಲಾಸಸ್ ಅಂತಿತ್ತು. ಗಣತಿ ಕಮಿಷನರ್ ಜೆ.ಎಚ್. ಹಟನ್ ಅದನ್ನು ಬಿಟ್ಟು ಎಕ್ಸ್‌ಟೀರಿಯರ್ ಕ್ಯಾಸ್ಟ್ಸ್ ಎಂದು ಬರೆದರು. ಬಾಬಾಸಾಹೇಬರಿಗೂ ಡಿಪ್ರೆಸ್ಡ್ ಹಿಡಿಸಿರಲಿಲ್ಲ. 1932ರಲ್ಲಿ ಲೋಥಿಯನ್ ಸಮಿತಿಗೆ ಕೊಟ್ಟ ಟಿಪ್ಪಣಿಯಲ್ಲಿ ಎರಡು ಪದ ಸೂಚಿಸಿದರು: ಎಕ್ಸ್‌ಟೀರಿಯರ್, ಇಲ್ಲವೇ ಎಕ್ಸ್‌ಕ್ಲೂಡೆಡ್.

ಎರಡೂ ಒಂದೇ ಅಲ್ಲ. ಎಕ್ಸ್‌ಟೀರಿಯರ್ ಅಂದ್ರೆ ಹೊರಗೆ ಇರುವವರು. ನಾವೇ ಹೋಗಿ ಊರಾಚೆ ಗುಡಿಸಲು ಹಾಕ್ಕೊಂಡ ಹಾಗೆ! ಎಕ್ಸ್‌ಕ್ಲೂಡೆಡ್ ಅಂದ್ರೆ ಹೊರಗೆ ಇಡಲ್ಪಟ್ಟವರು. ಆ ಪದ ಕೇಳಿದ ಕೂಡಲೇ, ಇಟ್ಟವರು ಯಾರು ಅನ್ನೋ ಪ್ರಶ್ನೆ ಬರುತ್ತೆ. ನನ್ನ ಓಟು ಅದಕ್ಕೇ.

ಸರ್ಕಾರಕ್ಕೆ ಎರಡೂ ಬೇಡವಾಯ್ತು. 1935ರ ಕಾಯ್ದೆಯಲ್ಲಿ ಬಂದಿದ್ದು ಷೆಡ್ಯೂಲ್ಡ್, ಅಂದರೆ ಪಟ್ಟಿಯಲ್ಲಿರುವ. ಆ ಪಟ್ಟಿಯಿಂದಲೇ ಮೀಸಲಾತಿ, ನನ್ನ ನೌಕರಿಯೂ ಅದರಿಂದಲೇ, ಇಲ್ಲ ಅನ್ನಲ್ಲ. ಆದರೆ ನಾವು ಪಟ್ಟಿಗೆ ಯಾಕೆ ಸೇರಿದೆವು ಅನ್ನೋದನ್ನ ಆ ಪದ ಬಾಯಿ ಬಿಟ್ಟು ಹೇಳಲ್ಲ. ಕನ್ನಡದಲ್ಲಿ ಅದು 'ಪರಿಶಿಷ್ಟ' ಆಯ್ತು. ಸಂಸ್ಕೃತದಲ್ಲಿ ಅದರ ಮೂಲಾರ್ಥ 'ಉಳಿದದ್ದು'. ಪುಸ್ತಕದ ಕೊನೆಗೆ ಸೇರಿಸೋ ಅನುಬಂಧಕ್ಕೂ ಅದೇ ಹೆಸರು. ನೋಡಿ ನಮ್ಮ ಅದೃಷ್ಟ.

2018ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೂ ಖಾಸಗಿ ಟಿ.ವಿ. ಚಾನೆಲ್‌ಗಳಿಗೆ ಇದನ್ನೇ ಹೇಳಿತ್ತು: ದಲಿತ ಪದ ಬೇಡ, ಷೆಡ್ಯೂಲ್ಡ್ ಕ್ಯಾಸ್ಟ್ ಅನ್ನಿ. ದಲಿತ ಅಂದ್ರೆ ತುಳಿತಕ್ಕೆ ಒಳಗಾದ, ಮುರಿಯಲ್ಪಟ್ಟ. ಹಾಗಂದ ಮೇಲೆ ತುಳಿದ ಕಾಲು ಯಾರದು ಅಂತ ಕೇಳಲೇಬೇಕಾಗುತ್ತೆ. 'ಒಂಥರಾ' ಅನ್ಸೋದು ಅಲ್ಲೇ.

ಕಚೇರಿ ಕಾಗದದಲ್ಲಿ ನಾನೂ ಪರಿಶಿಷ್ಟ ಜಾತಿ ಅಂತಲೇ ಬರೀತೀನಿ. ಕಾನೂನಿನ ಪದ ಅದು, ಬರೀಲೇಬೇಕು. ನನ್ನ ಪರಿಚಯ ನಾನೇ ಹೇಳ್ಕೊಳ್ಳುವಾಗ ದಲಿತ ಅಂತೀನಿ ಅಂದೆ. ಅವರು ಒಪ್ಪಲಿಲ್ಲ. ಇನ್ನೊಂದು ಟೀ ಹೇಳಿ ಕೂತ್ವಿ. ಚರ್ಚೆ ಇನ್ನೂ ಮುಗಿದಿಲ್ಲ, ನಾಳೆನೂ ನಡೆಯುತ್ತೆ.